ನೆಟ್ಸ್‌ನಲ್ಲಿ ಹುಲಿ, ಮ್ಯಾಚಲ್ಲಿ ಇಲಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವ ಮೈದಾನದ ಪಕ್ಕ ನಿಂತು ನೋಡಿದರೂ ನೆಟ್ಸ್‌ನ ದೃಶ್ಯ ಹೆಚ್ಚು ಕಡಿಮೆ ಒಂದೇ. ಬ್ಯಾಟ್ ಹಿಡಿದವನಿಗೆ ಸಿಗುವುದು ಹತ್ತು ನಿಮಿಷದ ಸರದಿ. ಅದರಲ್ಲಿ ಎರಡನೇ ಚೆಂಡಿಗೇ ಕವರ್ ಡ್ರೈವ್ ಶುರು. ಐದಾರು ಬೌಲರ್‌ಗಳು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೆಂಡು. ಒಬ್ಬ ಹಾಕಿದ ಚೆಂಡು ಬಲೆ ಮುಟ್ಟುವ ಮೊದಲೇ ಇನ್ನೊಬ್ಬ ಓಡಿ ಬರುತ್ತಿರುತ್ತಾನೆ. ಕ್ರೀಸಿನ ಗೆರೆಯನ್ನು ಯಾರೂ ನೋಡುವುದಿಲ್ಲ, ಗೆರೆ ಎಳೆದಿದ್ದರೆ ತಾನೇ ನೋಡುವುದು!

ಕೆಳ ಡಿವಿಷನ್‌ನಲ್ಲಿ ಲೀಗ್ ಆಡಿ, ಆಮೇಲೆ ಅದೇ ಮಟ್ಟದ ಹುಡುಗರಿಗೆ ಅಭ್ಯಾಸ ಮಾಡಿಸಲು ನಿಂತ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಕ್ಲಬ್ ಕ್ರಿಕೆಟ್‌ನಲ್ಲಿ ತಂಡಗಳು ಸೋಲುವುದು ಹೊಡೆತ ಬಾರದೆ ಅಲ್ಲ. ನೋ ಬಾಲ್, ಕೈಚೆಲ್ಲಿದ ಕ್ಯಾಚ್, ಓಡಬಹುದಾಗಿದ್ದೂ ಓಡದ ಒಂದು ರನ್. ಪಂದ್ಯ ಜಾರುವುದು ಬಹಳ ಸಲ ಇಲ್ಲೇ, ಆದರೆ ನೆಟ್ಸ್‌ನಲ್ಲಿ ಈ ಮೂರಕ್ಕೂ ಜಾಗವಿಲ್ಲ.

ನೋ ಬಾಲ್‌ಗೆ ಮದ್ದು ಒಂದು ಹಿಡಿ ಸುಣ್ಣದ ಪುಡಿ. ನೆಟ್ಸ್‌ನಲ್ಲೂ ಗೆರೆ ಎಳೆಯಬೇಕು, ಸರದಿಗೆ ಕಾಯುತ್ತಿರುವವನನ್ನು ಅಂಪೈರ್ ಜಾಗದಲ್ಲಿ ನಿಲ್ಲಿಸಬೇಕು. ನಮ್ಮ ಎಡಗೈ ಮಧ್ಯಮ ವೇಗಿಯೊಬ್ಬ ನೆಟ್ಸ್‌ನಲ್ಲಿ ಚೆಂದದ ಲೆಂಗ್ತ್ ಹಾಕುತ್ತಿದ್ದ, ಪಂದ್ಯದಲ್ಲಿ ಮಾತ್ರ ಚೆಂಡು ಗಿಡ್ಡವಾಗಿ ಬೀಳುತ್ತಿತ್ತು. ಗೆರೆ ಎಳೆದ ದಿನ ಗುಟ್ಟು ಬಯಲಾಯಿತು: ಅವನ ಮುಂಗಾಲು ಇಡೀ ಒಂದು ಅಡಿ ಆಚೆ ಊರುತ್ತಿತ್ತು. ಅಭ್ಯಾಸವೆಲ್ಲ ಗಿಡ್ಡ ಪಿಚ್ಚಿನದು, ಪಂದ್ಯ ಮಾತ್ರ 22 ಗಜದ್ದು. ರನ್ ಅಪ್ಪನ್ನು ಹೆಜ್ಜೆ ಹಾಕಿ ಅಳೆಯುವ ರೂಢಿಯೂ ಹೋಗಬೇಕು. ಸುಸ್ತಾದವನ ಹೆಜ್ಜೆ ಚಿಕ್ಕದಾಗುತ್ತದೆ, ಟೇಪ್ ಚಿಕ್ಕದಾಗುವುದಿಲ್ಲ.

ಇನ್ನು ಓಟ. ಪಿಚ್ಚಿನ ಉದ್ದ 20.12 ಮೀಟರ್ ಇದ್ದರೂ ಒಂದು ಪಾಪಿಂಗ್ ಕ್ರೀಸಿನಿಂದ ಇನ್ನೊಂದಕ್ಕೆ ಇರುವುದು 17.68 ಮೀಟರ್, ಬ್ಯಾಟ್ ಚಾಚಿದರೆ ಇನ್ನೂ ಕಡಿಮೆ. ಹೊತ್ತು ಪೋಲಾಗುವುದು ತಿರುಗುವಾಗ. ಚೆಂಡು ಹೋದ ಕಡೆಗೆ ಬೆನ್ನು ಹಾಕಿ ತಿರುಗುವವನಿಗೆ ಎರಡನೇ ರನ್ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಬ್ಯಾಟನ್ನು ಕೈ ಬದಲಿಸಿ ಹಿಡಿದು, ಸೊಂಟ ತಗ್ಗಿಸಿ, ಮುಖ ಚೆಂಡಿನ ಕಡೆಗಿಟ್ಟು ತಿರುಗುವುದನ್ನು ಪ್ಯಾಡ್ ಕಟ್ಟಿಕೊಂಡೇ ಕಲಿಯಬೇಕು. ಪ್ಯಾಡ್ ಇಲ್ಲದೆ ಎಲ್ಲರೂ ಚೆನ್ನಾಗಿಯೇ ಓಡುತ್ತಾರೆ.

ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು, ಬಹುಪಾಲು ಸ್ಲಿಪ್‌ನಲ್ಲಿ ನಿಂತು. ಕ್ಲಬ್‌ಗಳಲ್ಲಿ ಮಾತ್ರ ಸ್ಲಿಪ್ ಎಂದರೆ ಓಡಲಾಗದ ಹಿರಿಯರಿಗೆ ಮೀಸಲಿಟ್ಟ ಜಾಗ. ಕ್ಯಾಚ್ ಅಭ್ಯಾಸವೂ ಬೆಳಿಗ್ಗೆ ಮೈ ಹಗುರಾಗಿರುವಾಗ ಮುಗಿದುಹೋಗುತ್ತದೆ. ಪಂದ್ಯದಲ್ಲಿ ಕ್ಯಾಚ್ ಬರುವುದು ಮೂವತ್ತನೇ ಓವರ್ ದಾಟಿದ ಮೇಲೆ, ನೆತ್ತಿ ಸುಡುವಾಗ. ಹಾಗಾಗಿ ಓಟವೆಲ್ಲ ಮುಗಿದು ಏದುಸಿರು ಬರುತ್ತಿರುವಾಗಲೇ ಎತ್ತರದ ಕ್ಯಾಚ್ ಕೊಡಬೇಕು, ಅದೂ ಸೂರ್ಯನ ದಿಕ್ಕಿನಿಂದ. ಒಂದು ಕೈಯಿಂದ ಬಿಸಿಲು ಮರೆಮಾಡಿ ಚೆಂಡನ್ನು ಹುಡುಕುವುದು ಕೂಡ ಕಲಿತೇ ಬರುವ ವಿದ್ಯೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಮ್ಯಾಟನ್ನು. ಕೆಳ ಹಂತದ ಎಷ್ಟೋ ಪಂದ್ಯಗಳು ನಡೆಯುವುದು ಅದರ ಮೇಲೆ, ಅಭ್ಯಾಸ ಮಾತ್ರ ಸಿಮೆಂಟ್ ಮೇಲೋ ಟರ್ಫ್ ಮೇಲೋ. ಮ್ಯಾಟ್ ಹಾಸುವುದೇ ಒಂದು ಕಲೆ. ನಾಲ್ಕು ಮಂದಿ ಅಂಚು ಹಿಡಿದು ಬಿಗಿಯಾಗಿ ಎಳೆದು ಮೊಳೆ ಹೊಡೆಯದಿದ್ದರೆ, ಸಡಿಲವಾದ ಕಡೆ ಬಿದ್ದ ಚೆಂಡು ಹೇಗೆ ಬರುತ್ತದೆಂದು ಬೌಲರ್‌ಗೂ ಗೊತ್ತಿರುವುದಿಲ್ಲ. ಬಿಗಿಯಾದ ಮ್ಯಾಟ್ ಮೇಲೆ ಪುಟಿತ ಜಾಸ್ತಿ. ಮುಂಗಾಲಿಟ್ಟು ಡ್ರೈವ್ ಮಾಡಿದರೆ ಚೆಂಡು ಗಾಳಿಯಲ್ಲಿ ನೇರ ಕವರ್‌ನವನ ಕೈಗೆ. ಹಿಂಗಾಲಿನ ಕಟ್, ಪುಲ್ ಬಲ್ಲವನು ಇಲ್ಲಿ ಬದುಕುತ್ತಾನೆ. ಥ್ರೋಡೌನ್ ಕೊಡುವವರು ಎದೆಮಟ್ಟದ ಚೆಂಡನ್ನೇ ಪದೇ ಪದೇ ಕೊಡಲಿ.

ಬೌಲರ್‌ಗಳು ಇಲ್ಲಿ ವೇಗದ ಹುಚ್ಚು ಬಿಡಬೇಕು. 1956ರ ಕರಾಚಿ ಟೆಸ್ಟ್‌ನಲ್ಲಿ ಪಾಕಿಸ್ತಾನದ ಫಜಲ್ ಮಹಮೂದ್ ಆಸ್ಟ್ರೇಲಿಯಾದ 13 ವಿಕೆಟ್ ಕಿತ್ತದ್ದು ಮ್ಯಾಟ್ ಮೇಲೆ, ಮುಖ್ಯವಾಗಿ ಕಟರ್‌ಗಳನ್ನು ನಂಬಿಕೊಂಡು. ಬೆರಳಿನಿಂದ ಚೆಂಡಿನ ಬದಿಯನ್ನು ಸೆಳೆದು ಬಿಟ್ಟರೆ ಮ್ಯಾಟ್ ಅದನ್ನು ಕಚ್ಚಿ ತಿರುಗಿಸುತ್ತದೆ. ಸಾಧಾರಣ ವೇಗದವನೂ ಇದನ್ನು ಮಾಡಬಲ್ಲ.

ಆಫೀಸಿಗೆ ಹೋಗುವ ವೇಗಿಗಳ ಪಾಡು ಬೇರೆ. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಏಕಾಏಕಿ ಹತ್ತು ಓವರ್ ಹಾಕಿದರೆ ತೊಡೆಯ ಸ್ನಾಯು ಸುಮ್ಮನಿರುವುದಿಲ್ಲ. ವಾರದ ನಡುವೆ ಎರಡು ದಿನ ನಾಲ್ಕು ನಾಲ್ಕು ಓವರ್ ಹಾಕಿದರೂ ಮೈ ಒಗ್ಗುತ್ತದೆ. ಬ್ಯಾಟ್ಸ್‌ಮನ್‌ಗಳಿಗೆ ಅಷ್ಟೂ ಬೇಡ, ಬ್ರಾಡ್ಮನ್ ಹುಡುಗನಾಗಿದ್ದಾಗ ಮನೆಯ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಹೊಡೆದು, ಮರಳಿ ಬಂದದ್ದನ್ನು ಸ್ಟಂಪ್‌ನಿಂದ ಆಡುತ್ತಿದ್ದರು. ಮನೆಯ ತಾರಸಿಯಲ್ಲಿ ಕಾಲುಚೀಲದೊಳಗೆ ಚೆಂಡು ಕಟ್ಟಿ ತೂಗುಬಿಟ್ಟರೂ ಸಾಕು.

ಈಗ ನಮ್ಮಲ್ಲಿ ಬ್ಯಾಟ್ಸ್‌ಮನ್‌ಗಳು ಜೋಡಿಯಾಗಿಯೇ ಇಳಿಯಬೇಕು. ಫೀಲ್ಡ್ ಎಲ್ಲೆಲ್ಲಿ ಎಂದು ಮೊದಲೇ ಹೇಳಿರುತ್ತೇವೆ. ತಳ್ಳಿದ ಚೆಂಡಿಗೆಲ್ಲ ಕೂಗಿ ಓಡಬೇಕು, ಔಟಾದರೆ ಸರದಿ ಮುಗಿಯಿತು. ಮೊದಲ ದಿನವೇ ಓಪನರ್ ಮುಖ ಊದಿಸಿಕೊಂಡ: ‘ಸರ್, ಹಾಗಾದ್ರೆ ಹೊಡೆಯೋದು ಯಾವಾಗ?’

ಕೊನೆಯ ಹತ್ತು ನಿಮಿಷ, ಅದೂ ಹಳೇ ಚೆಂಡಿನಲ್ಲಿ ಎಂದೆ. ಬಲೆಯಾಚೆ ಹೋದದ್ದನ್ನು ಹೊಡೆದವನೇ ತರಬೇಕು.