ಕರೆ ಬಂತು, ಬಿಡಿಭಾಗ ಬರಲಿಲ್ಲ

ಅಂಗಡಿಯಿಂದ ತಂದ ಕೊಡೆ ಮೊದಲ ಮಳೆಗೇ ಸೋರಿದರೆ ನಾವು ಅದನ್ನು ಒಯ್ದು ಬದಲಿಸಿಕೊಳ್ಳುತ್ತೇವೆ. ಮೋಟಾರು ವಾಹನಗಳಲ್ಲಿ ಅಪಾಯಕರ ದೋಷ ಕಂಡುಬಂದರೆ ತಯಾರಕರೇ ಕೊಂಡವರನ್ನೆಲ್ಲ ಕರೆದು, ಹಣ ಪಡೆಯದೆ ಸರಿಪಡಿಸಿ ಕೊಡಬೇಕು. ಇದಕ್ಕೆ ‘ರೀಕಾಲ್’ ಎನ್ನುತ್ತಾರೆ. ನಾವು ‘ಮರುಕರೆ’ ಎನ್ನೋಣ. ಏರ್ಪಾಡೇನೋ ಒಳ್ಳೆಯದು. ಆದರೆ ಕರೆದವರ ಬಳಿ ಹೊಸ ಬಿಡಿಭಾಗವೇ ಇಲ್ಲದಿದ್ದರೆ ಗತಿಯೇನು? ಇದಕ್ಕೆ ಜಪಾನಿನ ಟಕಾಟ ಕಂಪನಿಯ ಗಾಳಿಚೀಲಗಳ ಪ್ರಕರಣ ಒಂದು ದೊಡ್ಡ ಪಾಠ.

ಕಾರು ಡಿಕ್ಕಿಯಾದ ಕ್ಷಣದಲ್ಲಿ ಚೀಲವೊಂದು ಉಬ್ಬಿ, ಚಾಲಕನ ತಲೆ ಮತ್ತು ಎದೆಗೆ ಪೆಟ್ಟಾಗದಂತೆ ತಡೆಯುತ್ತದೆ. ಅದನ್ನು ಉಬ್ಬಿಸುವ ಅನಿಲ ಒಂದು ಲೋಹದ ಡಬ್ಬಿಯೊಳಗಿನ ರಾಸಾಯನಿಕ ಉರಿದಾಗ ಹುಟ್ಟುತ್ತದೆ. ಟಕಾಟ ಇದಕ್ಕೆ ಅಮೋನಿಯಂ ನೈಟ್ರೇಟನ್ನು ಬಳಸಿತು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪು ನೀರಾಗುವುದನ್ನು ನೋಡಿದ್ದೇವಲ್ಲವೇ? ಈ ರಾಸಾಯನಿಕವೂ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಅದು ಕೆಡುತ್ತದೆ. ಆಮೇಲೆ ಉರಿಯುವಾಗ ಅತಿ ವೇಗವಾಗಿ ಉರಿದು ಡಬ್ಬಿಯನ್ನೇ ಒಡೆಯುತ್ತದೆ. ಲೋಹದ ಚೂರುಗಳು ಸಿಡಿದು ಎದುರಿಗಿದ್ದವರಿಗೆ ತಗಲುತ್ತವೆ. ಹೀಗೆ ಅಮೆರಿಕವೊಂದರಲ್ಲೇ 25ಕ್ಕೂ ಹೆಚ್ಚು ಜನ ಸತ್ತರು. ಕಾಯಬೇಕಾದ ವಸ್ತುವೇ ಕೊಂದಿತು.

2008ರಲ್ಲಿ ಅಮೆರಿಕದಲ್ಲಿ ಕೆಲವು ಸಾವಿರ ಕಾರುಗಳಿಂದ ಮೊದಲಾದ ಮರುಕರೆ ಬೆಳೆಯುತ್ತ ಹೋಗಿ, ಆ ದೇಶದಲ್ಲೇ ಸುಮಾರು 6 ಕೋಟಿ 70 ಲಕ್ಷ ಗಾಳಿಚೀಲಗಳನ್ನು ಮುಟ್ಟಿತು. ಹಲವು ಕಾರು ಕಂಪನಿಗಳು ಇದೇ ಒಬ್ಬ ತಯಾರಕನನ್ನು ನಂಬಿದ್ದವು. ಇಷ್ಟು ಡಬ್ಬಿಗಳನ್ನು ಒಮ್ಮೆಲೇ ಮಾಡುವ ಶಕ್ತಿ ಯಾವ ಕಾರ್ಖಾನೆಗೂ ಇರಲಿಲ್ಲ. ಬೇರೆ ತಯಾರಕರ ಡಬ್ಬಿ ತರಿಸಿದರೂ ಅದು ಒಂದೊಂದು ಮಾದರಿಯ ಕಾರಿಗೂ ಹೊಂದುವುದೇ ಎಂದು ಪರೀಕ್ಷಿಸಬೇಕಿತ್ತು.

ಕಾರಿನ ಮಾಲೀಕರ ಪಾಡನ್ನು ಯೋಚಿಸೋಣ. ‘ನಿಮ್ಮ ವಾಹನದಲ್ಲಿ ಪ್ರಾಣಾಪಾಯದ ದೋಷವಿದೆ’ ಎಂದು ಪತ್ರ ಬರುತ್ತದೆ. ಗಾಬರಿಯಿಂದ ವಿಚಾರಿಸಿದರೆ, ‘ಬಿಡಿಭಾಗ ಬಂದಿಲ್ಲ, ಬಂದಾಗ ತಿಳಿಸುತ್ತೇವೆ’ ಎಂಬ ಉತ್ತರ. ತಿಂಗಳುಗಳು ಕಳೆದರೂ ಕರೆಯಿಲ್ಲ. ಕೆಲಸಕ್ಕೆ, ಶಾಲೆಗೆ ಅದೇ ಕಾರು ಬೇಕು. ಕೆಲವರಿಗೆ ಬದಲಿ ಕಾರು ದೊರೆಯಿತು, ಹಲವರಿಗೆ ದೊರೆಯಲಿಲ್ಲ. 2014ರಲ್ಲಿ ಟೊಯೋಟ ಕಂಪನಿಯು, ಬಿಡಿಭಾಗ ಸಿಗುವವರೆಗೆ ಚಾಲಕನ ಪಕ್ಕದ ಗಾಳಿಚೀಲವನ್ನು ನಿಷ್ಕ್ರಿಯಗೊಳಿಸಿ, ಆ ಆಸನದಲ್ಲಿ ಯಾರೂ ಕೂರದಂತೆ ಸೂಚನೆ ಹಚ್ಚಲು ಹೇಳಿತು. ಕಾದು ಬೇಸತ್ತವರು ಪತ್ರವನ್ನೇ ಮರೆತರೆ ಅಪಾಯ ಮಾತ್ರ ಕಾರಿನಲ್ಲೇ ಉಳಿಯುತ್ತದೆ. ಒರಟು ಉತ್ತರ ಬರಿಯ ಅಸಭ್ಯತೆಯಲ್ಲ, ಅದು ಜೀವಕ್ಕೂ ಎರವಾದೀತು ಎಂಬುದನ್ನು ನಾವಿಲ್ಲಿ ಗಮನಿಸಬೇಕು.

ಕೊನೆಗೆ 2015ರ ನವೆಂಬರಿನಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಒಂದು ಸರದಿಯನ್ನು ಗೊತ್ತುಮಾಡಿತು. ಸೆಕೆ ಮತ್ತು ತೇವ ಹೆಚ್ಚಿರುವ ಸೀಮೆಯ ಹಳೆಯ ಕಾರುಗಳಿಗೆ ಮೊದಲ ಪಾಳಿ. ಇದ್ದುದು ಕಡಿಮೆಯಾದಾಗ ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲು ಕೊಡುವುದೇ ನ್ಯಾಯ. 2017ರಲ್ಲಿ ಟಕಾಟ ದಿವಾಳಿಯಾಯಿತು.

ನಮ್ಮ ದೇಶದಲ್ಲೂ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ ದೋಷವುಳ್ಳ ವಾಹನಗಳ ಮರುಕರೆಗೆ ಆಜ್ಞಾಪಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಬಂದಿದೆ. ಆದರೆ ಕಾಯಿದೆ ಮನೆಬಾಗಿಲಿಗೆ ತಾನಾಗಿ ಬಾರದು. ಹಳೆಯ ವಾಹನ ಕೊಂಡವರು ನೋಂದಣಿಯಲ್ಲಿ ತಮ್ಮ ಹೆಸರು, ವಿಳಾಸ ಬದಲಿಸಿಕೊಳ್ಳದಿದ್ದರೆ ಪತ್ರ ಹಿಂದಿನ ಮಾಲೀಕನಿಗೇ ಹೋದೀತು. ಪತ್ರ ಬಂದಾಗ ಚಾಸಿಸ್ ಸಂಖ್ಯೆ ತೋರಿಸಿ ವಿಚಾರಿಸಬೇಕು. ಯಾವ ದಿನ, ಯಾರು, ಏನು ಹೇಳಿದರೆಂದು ಬರೆದಿಡಬೇಕು. ಬಾಯಿಮಾತಿಗಿಂತ ಬರಹದ ಉತ್ತರ ಕೇಳಬೇಕು. ಆಗಲೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ.

ವಿದ್ಯಾರ್ಥಿಗಳೇ, ಇಂತಹ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಗಡಿನಾಡಿನ ನಮ್ಮ ಮನೆಗಳಲ್ಲಿ ಅದನ್ನು ಓದಿ ಕನ್ನಡದಲ್ಲಿ ತಿಳಿಸುವವರು ನೀವೇ. ತಂದೆಯ ಕಾರಿಗೋ, ಮಾವನ ಜೀಪಿಗೋ ಅಂತಹ ಪತ್ರ ಬಂದರೆ ಮೂಲೆಗೆ ಎಸೆಯಲು ಬಿಡಬೇಡಿ. ಓದಿ ಹೇಳಿ, ಉತ್ತರ ಬರೆಯಲು ನೆರವಾಗಿ. ನಾವು ಕಲಿತ ನಾಲ್ಕಕ್ಷರ ಒಂದು ಜೀವ ಉಳಿಸಿದರೆ ಅದಕ್ಕಿಂತ ದೊಡ್ಡ ಸಾರ್ಥಕ್ಯ ಇನ್ನೇನಿದೆ?