ಸ್ವಿಚ್ ಆರಿಸಿದ ಮೇಲೂ ತಿರುಗುವ ಚಕ್ರ: ಮೇವು ಕತ್ತರಿಸುವ ಯಂತ್ರದ ಲೆಕ್ಕ

ಅಧ್ಯಯನ ಪಾಠ – ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ

ಸಾಗರ ತಾಲ್ಲೂಕಿನ ಆನಂದಪುರದಂತಹ ಮಲೆನಾಡಿನ ಭಾಗಗಳಲ್ಲಿ ಭತ್ತದ ಹುಲ್ಲು ಹಾಗೂ ಹಸಿರು ಮೇವನ್ನು ತುಂಡರಿಸಲು ವಿದ್ಯುತ್ ಮೋಟಾರಿನ ಯಂತ್ರಗಳು ಬಳಕೆಯಲ್ಲಿವೆ. ಇಂತಹ ಯಂತ್ರದ ಭಾರವಾದ ಚಕ್ರಕ್ಕೆ ಅಲಗುಗಳನ್ನು ಜೋಡಿಸಲಾಗಿರುತ್ತದೆ. ಸ್ವಿಚ್ ಆರಿಸಿದೊಡನೆ ಮೋಟಾರಿನ ಎಳೆತ ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಸಿಕ್ಕಿಕೊಂಡ ಹುಲ್ಲನ್ನು ತೆಗೆಯಲು ಆಗ ಕೈ ಹಾಕಿದವರು ಬೆರಳನ್ನೇ ಕಳೆದುಕೊಳ್ಳಬಹುದು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದಾಗಿದೆ.

ಉದಾಹರಣೆಗೆ, ಚಕ್ರದ ತೂಕ 30 ಕಿ.ಗ್ರಾಂ, ವ್ಯಾಸ 80 ಸೆಂ.ಮೀ., ವೇಗ ನಿಮಿಷಕ್ಕೆ 300 ಸುತ್ತು ಎಂದಿಟ್ಟುಕೊಳ್ಳೋಣ. ಬೇರಿಂಗ್ ಮತ್ತು ಬೆಲ್ಟಿನ ಘರ್ಷಣೆಯು ಚಕ್ರವನ್ನು ತಡೆಯುವ ಟಾರ್ಕ್, ಅಂದರೆ ತಿರುಗುವಿಕೆಯ ಮೇಲಿನ ಬಲದ ಪರಿಣಾಮ, 1.5 ನ್ಯೂಟನ್-ಮೀಟರ್ ಆಗಿರಲಿ.

1. ಕೋನೀಯ ವೇಗ: 300 ಸುತ್ತನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ 5 ಸುತ್ತು. ಒಂದು ಸುತ್ತಿಗೆ 6.28 ರೇಡಿಯನ್. ಆದುದರಿಂದ ಕೋನೀಯ ವೇಗ ಸೆಕೆಂಡಿಗೆ 31.4 ರೇಡಿಯನ್. ಇದನ್ನು ತ್ರಿಜ್ಯ 0.4 ಮೀಟರಿನಿಂದ ಗುಣಿಸಿದರೆ ಅಂಚಿನ ವೇಗ ದೊರೆಯುತ್ತದೆ: ಸೆಕೆಂಡಿಗೆ 12.6 ಮೀಟರ್, ಅಂದರೆ ಗಂಟೆಗೆ ಸುಮಾರು 45 ಕಿ.ಮೀ.

2. ಜಡತ್ವ ಭ್ರಾಮಕ: ತಿರುಗುವ ವಸ್ತು ತನ್ನ ವೇಗದ ಬದಲಾವಣೆಯನ್ನು ಎಷ್ಟು ವಿರೋಧಿಸುತ್ತದೆ ಎಂಬುದರ ಅಳತೆ ಇದು. ಗಟ್ಟಿ ತಟ್ಟೆಗೆ ಇದು ತೂಕ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧದ ಅರ್ಧ: ½ × 30 × 0.16 = 2.4.

3. ಚಲನಶಕ್ತಿ: ½ × 2.4 × 31.4 × 31.4 = ಸುಮಾರು 1,180 ಜೂಲ್. 50 ಕಿ.ಗ್ರಾಂ ಅಕ್ಕಿ ಮೂಟೆಯೊಂದು 2.4 ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟೇ ಶಕ್ತಿ ಇದು.

4. ನಿಲ್ಲುವ ಕಾಲ: ಟಾರ್ಕನ್ನು ಜಡತ್ವ ಭ್ರಾಮಕದಿಂದ ಭಾಗಿಸಿದರೆ 1.5 ÷ 2.4 = 0.625. ಅಂದರೆ ಕೋನೀಯ ವೇಗವು ಪ್ರತಿ ಸೆಕೆಂಡಿಗೆ 0.625 ರೇಡಿಯನ್‌ನಷ್ಟು ಕುಗ್ಗುತ್ತದೆ. 31.4 ÷ 0.625 = ಸುಮಾರು 50 ಸೆಕೆಂಡು. ಸರಾಸರಿ ವೇಗ ಸೆಕೆಂಡಿಗೆ 2.5 ಸುತ್ತಾದುದರಿಂದ, ನಿಲ್ಲುವ ಮೊದಲು ಚಕ್ರ ಸುಮಾರು 125 ಸುತ್ತು ತಿರುಗಿರುತ್ತದೆ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ತ್ರಿಜ್ಯದ ಬದಲು ವ್ಯಾಸವನ್ನು ಬಳಸುವುದು. ಆಗ ಜಡತ್ವ ಭ್ರಾಮಕ ನಾಲ್ಕು ಪಟ್ಟು ಹೆಚ್ಚಾಗಿ ಬರುತ್ತದೆ. ಎರಡನೆಯದು, ನಿಮಿಷದ ಸುತ್ತುಗಳನ್ನು ರೇಡಿಯನ್‌ಗೆ ಪರಿವರ್ತಿಸದೆಯೇ ಸೂತ್ರದಲ್ಲಿ ಹಾಕುವುದು. ಇನ್ನೊಂದು ಅಂಶವನ್ನೂ ಗಮನಿಸಬೇಕು. ನಿಜವಾದ ಚಕ್ರಗಳಲ್ಲಿ ತೂಕದ ಬಹುಭಾಗ ಅಂಚಿನಲ್ಲಿರುತ್ತದೆ. ಪೂರ್ತಿ ತೂಕ ಅಂಚಿನಲ್ಲೇ ಇದ್ದರೆ ಜಡತ್ವ ಭ್ರಾಮಕ 4.8 ಆಗಿ, ನಿಲ್ಲುವ ಕಾಲ 100 ಸೆಕೆಂಡಿಗೆ ಏರುತ್ತದೆ. ಆದುದರಿಂದ 50 ಸೆಕೆಂಡು ಎಂಬುದನ್ನು ಕನಿಷ್ಠ ಅಂದಾಜೆಂದೇ ತಿಳಿಯತಕ್ಕದ್ದು.

ವೇಗ ಹೆಚ್ಚಿಸುವುದರ ಪರಿಣಾಮ ಇನ್ನೂ ಗಂಭೀರ. ನಿಮಿಷಕ್ಕೆ 1,440 ಸುತ್ತಿನ ಮೋಟಾರಿಗೆ 75 ಮಿ.ಮೀ. ಪುಲ್ಲಿ, ಯಂತ್ರಕ್ಕೆ 360 ಮಿ.ಮೀ. ಪುಲ್ಲಿ ಇದ್ದರೆ ಚಕ್ರ 300 ಸುತ್ತು ತಿರುಗುತ್ತದೆ. ಕೆಲಸ ಬೇಗ ಮುಗಿಯಲೆಂದು ಮೋಟಾರಿಗೆ 150 ಮಿ.ಮೀ. ಪುಲ್ಲಿ ಹಾಕಿದರೆ ವೇಗ 600ಕ್ಕೆ ಏರುತ್ತದೆ. ನಿಲ್ಲುವ ಕಾಲ ಎರಡು ಪಟ್ಟಾದರೆ, ಚಕ್ರದಲ್ಲಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಅಂಚಿನ ಮೇಲೆ 60 ನ್ಯೂಟನ್ ಘರ್ಷಣೆ ಉಂಟುಮಾಡುವ ಸರಳ ಬ್ರೇಕ್ 24 ನ್ಯೂಟನ್-ಮೀಟರ್ ಟಾರ್ಕ್ ನೀಡುತ್ತದೆ. 300 ಸುತ್ತಿನ ಚಕ್ರ ಸುಮಾರು 3 ಸೆಕೆಂಡಿನಲ್ಲಿ ನಿಲ್ಲುತ್ತದೆ. ನೀರು ನಿಲ್ಲಿಸಿದ ಮೇಲೂ ತಿರುಗುತ್ತಲೇ ಇರುವ ಜಲವಿದ್ಯುದಾಗಾರದ ಜನರೇಟರುಗಳಿಗೂ ಇಂತಹ ಬ್ರೇಕುಗಳಿರುತ್ತವೆ.

ಸದಸ್ಯರು ಗ್ರಾಮಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ರೈತರ ಹಾಗೂ ಮಹಿಳಾ ಸ್ವಸಹಾಯ ಸಂಘಗಳ ಗಮನಕ್ಕೆ ತರುವುದು ಸೂಕ್ತ:

• ಚಕ್ರ ಸಂಪೂರ್ಣ ನಿಂತಿರುವುದನ್ನು ಕಣ್ಣಾರೆ ಕಂಡು, ಪ್ಲಗ್ ಕಿತ್ತ ನಂತರವೇ ಸಿಕ್ಕಿದ ಮೇವನ್ನು ತೆಗೆಯುವುದು.
• ವಿದ್ಯುತ್ ಹೋದಾಗಲೂ ಸ್ವಿಚ್ ಆರಿಸುವುದು. ನೇರ ಸ್ವಿಚ್ಚಿನ ಯಂತ್ರ ವಿದ್ಯುತ್ ಬಂದೊಡನೆ ತಾನಾಗಿಯೇ ಚಾಲನೆಗೊಳ್ಳುತ್ತದೆ.
• ಚಕ್ರ ಮತ್ತು ಬೆಲ್ಟಿನ ರಕ್ಷಾಕವಚವನ್ನು ಕಳಚದಿರುವುದು. ತಯಾರಕರು ಕೊಟ್ಟ ಪುಲ್ಲಿಯನ್ನು ಬದಲಿಸದಿರುವುದು.
• ಮಕ್ಕಳನ್ನು ಯಂತ್ರದ ಬಳಿ ಬಿಡದಿರುವುದು. ಸಡಿಲವಾದ ಸೆರಗು, ಶಾಲು ಧರಿಸಿ ಕೆಲಸ ಮಾಡದಿರುವುದು.

ಸ್ವಿಚ್ ಆರಿಸಿದ ಬಳಿಕ ಚಕ್ರ ನಿಲ್ಲಲು ಎಷ್ಟು ಹೊತ್ತು ಬೇಕೆಂಬುದನ್ನು ಗಡಿಯಾರ ಹಿಡಿದು ಒಮ್ಮೆ ಅಳೆದು, ಆ ಸೆಕೆಂಡುಗಳನ್ನು ಯಂತ್ರದ ಮೇಲೆಯೇ ದೊಡ್ಡ ಅಂಕಿಗಳಲ್ಲಿ ಬರೆಸುವುದು ಖರ್ಚಿಲ್ಲದ ಕ್ರಮ. ಪ್ರತಿ ವಾರ್ಡಿನಲ್ಲಿ ಇದನ್ನು ಕೈಗೊಳ್ಳಬಹುದಾಗಿದೆ.