ಸ್ನೇಹಿತರು ಚರ್ಚಿನಲ್ಲಿ ಪೂಜೆ ಕೊಡಿಸಿದರೆ ತಂದೆಯ ಸದ್ಗತಿಗೆ ಅಡ್ಡಿಯೆ?

ಪ್ರಶ್ನೆ: ತಂದೆಯವರು ತೀರಿಕೊಂಡು ಇಪ್ಪತ್ತು ದಿನವಾಯಿತು. ಅಣ್ಣನೇ ಕರ್ತೃ, ಹದಿಮೂರು ದಿನದ ಕರ್ಮಗಳೆಲ್ಲ ಕ್ರಮವಾಗಿ ಆಗಿವೆ. ತಂದೆಯ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ ಕ್ಯಾಥೋಲಿಕ್ ಸ್ನೇಹಿತರೊಬ್ಬರು, ತಿಂಗಳು ತುಂಬುವ ದಿನ ತಮ್ಮ ಚರ್ಚಿನಲ್ಲಿ ತಂದೆಯ ಹೆಸರಿನಲ್ಲಿ ಪೂಜೆ ಕೊಡಿಸುತ್ತೇನೆ, ನೀವೂ ಬನ್ನಿ ಎಂದಿದ್ದಾರೆ. ತಾಯಿಗೆ ಹೋಗುವ ಮನಸ್ಸು. ಅಣ್ಣ ಮಾತ್ರ, "ಪಿತೃಲೋಕ ಸೇರಬೇಕಾದ ಜೀವವನ್ನು ಬೇರೆ ಕಡೆ ಎಳೆದ ಹಾಗಾಗುತ್ತೆ, ಇದೂ ಒಂಥರಾ ಮತಾಂತರವೇ" ಅಂತ ಒಪ್ಪುತ್ತಿಲ್ಲ. ಮನೆಯಲ್ಲಿ ಮಾತುಕತೆಯೇ ನಿಂತಿದೆ. ನಾವು ಹೋಗಬಹುದೆ? ಅಲ್ಲಿ ಕೊಡುವ ಪ್ರಸಾದ ತೆಗೆದುಕೊಳ್ಳಬಹುದೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೋಗಬಹುದು. ಪ್ರಸಾದ ಮಾತ್ರ ತೆಗೆದುಕೊಳ್ಳಬೇಡಿ. ಕಾರಣ ಮುಂದೆ ಹೇಳುತ್ತೇನೆ. ಅಣ್ಣನವರ ಆತಂಕ ತಂದೆಯ ಮೇಲಿನ ಪ್ರೀತಿಯಿಂದಲೇ ಬಂದದ್ದು, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಆ ಪೂಜೆ ಏನು, ಏನಲ್ಲ ಎಂಬುದು ತಿಳಿದರೆ ಆತಂಕಕ್ಕೆ ಕಾರಣ ಉಳಿಯುವುದಿಲ್ಲ.

ಕ್ಯಾಥೋಲಿಕರು ಇದನ್ನು ಬಲಿಪೂಜೆ ಎನ್ನುತ್ತಾರೆ. ಒಬ್ಬರ ಹೆಸರಿನಲ್ಲಿ ಪೂಜೆ ಕೊಡಿಸುವುದೆಂದರೆ, ಅಂದಿನ ಬಲಿಪೂಜೆಯಲ್ಲಿ ಗುರುಗಳು ಆ ವ್ಯಕ್ತಿಗಾಗಿ ದೇವರ ಕರುಣೆಯನ್ನು ಬೇಡುವುದು, ಅಷ್ಟೇ. ಸತ್ತವರು ದೇವರ ಸನ್ನಿಧಿ ಸೇರುವ ಮೊದಲು ಶುದ್ಧರಾಗಬೇಕು, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬುದು ಅವರ ನಂಬಿಕೆ. ಏಳನೆಯ ದಿನ, ಮೂವತ್ತನೆಯ ದಿನ, ವರ್ಷದ ದಿನ ಪೂಜೆ ಕೊಡಿಸುವುದು ಅವರಲ್ಲಿ ಹಳೆಯ ರೂಢಿ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆ ಮಾಡುತ್ತಾರೆ, ನಮ್ಮ ಸರ್ವಪಿತೃ ಅಮಾವಾಸ್ಯೆ ಇದ್ದ ಹಾಗೆ.

ಅನ್ಯಮತದವರಿಗಾಗಿ ಇದನ್ನು ಮಾಡಲು ಅವರ ಶಾಸ್ತ್ರ ಒಪ್ಪುತ್ತದೆಯೆ ಎಂದು ನೀವು ಕೇಳಿಲ್ಲ, ಆದರೆ ಅಣ್ಣನವರಿಗೆ ಉತ್ತರ ಇರುವುದು ಅಲ್ಲೇ. ಅವರ ಧರ್ಮಸಭೆಯ ಈಗಿನ ಕಾನೂನು ಸಂಹಿತೆ 1983ರದು. ಅದರ 901ನೇ ವಿಧಿಯಂತೆ ಗುರುಗಳು ಬದುಕಿರುವ ಅಥವಾ ಸತ್ತಿರುವ ಯಾರಿಗಾಗಿಯಾದರೂ ಬಲಿಪೂಜೆ ಅರ್ಪಿಸಬಹುದು. ಮೊದಲು ಇಷ್ಟು ಸಡಿಲವಿರಲಿಲ್ಲ. ಬೇರೆ ಸಭೆಗಳ ಕ್ರೈಸ್ತರು ಸತ್ತಾಗ ಬಹಿರಂಗವಾಗಿ ಪೂಜೆ ಮಾಡುವುದಕ್ಕೂ ತಡೆಯಿತ್ತು. 1976ರಲ್ಲಿ ವ್ಯಾಟಿಕನ್ ಅದನ್ನು ಕೆಲವು ಷರತ್ತುಗಳ ಮೇಲೆ ಸಡಿಲಿಸಿತು. ಆದರೆ ಚರ್ಚಿನ ಅಂತ್ಯಕ್ರಿಯೆಯ ವಿಧಿ ಮಾತ್ರ ಈಗಲೂ ದೀಕ್ಷಾಸ್ನಾನ ಪಡೆದವರಿಗೆ ಮತ್ತು ಅದಕ್ಕೆ ಸಿದ್ಧರಾಗುತ್ತಿದ್ದವರಂಥ ಕೆಲವರಿಗೆ ಮೀಸಲು. ಅಂದರೆ ಸಂಸ್ಕಾರ ಬೇರೆ, ಪ್ರಾರ್ಥನೆ ಬೇರೆ. ಸತ್ತವರಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿ ಕ್ಯಾಥೋಲಿಕರಲ್ಲಿ ಇಲ್ಲವೇ ಇಲ್ಲ. ಹಾಗಿರುವಾಗ ಮತಾಂತರದ ಮಾತು ಎಲ್ಲಿ ಬಂತು?

ಅವರಲ್ಲೇ ಒಂದು ಹಳೆಯ ಐತಿಹ್ಯವಿದೆ. ಪೋಪ್ ಗ್ರೆಗೊರಿ, ತನಗಿಂತ ಶತಮಾನಗಳ ಹಿಂದೆ ಸತ್ತ ರೋಮ್ ಚಕ್ರವರ್ತಿ ಟ್ರಾಜನ್‌ನ ನ್ಯಾಯಬುದ್ಧಿಯನ್ನು ನೆನೆದು ಅತ್ತನಂತೆ. ಕ್ರೈಸ್ತನಲ್ಲದ ಆ ರಾಜನಿಗೂ ಸದ್ಗತಿಯಾಯಿತಂತೆ. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ಟ್ರಾಜನ್‌ನನ್ನು ಸ್ವರ್ಗದಲ್ಲೇ ಕೂರಿಸಿದ್ದಾನೆ. ಕಥೆ ನಿಜವೋ ಅಲ್ಲವೋ, ಹೊರಗಿನವನಿಗಾಗಿ ಅಳುವ ಮನಸ್ಸು ಅಲ್ಲಿಯೂ ಹಿಂದಿನಿಂದ ಇದೆ.

ಇನ್ನು ನಮ್ಮ ಶಾಸ್ತ್ರದ ಕಡೆಯಿಂದ ನೋಡಿ. ಹನ್ನೆರಡನೆಯ ದಿನ ನಿಮ್ಮ ಮನೆಯಲ್ಲಿ ಸಪಿಂಡೀಕರಣ ಆಗಿದೆ ಅಲ್ಲವೆ? ಪ್ರೇತಪಿಂಡವನ್ನು ಪಿತೃಪಿಂಡಗಳೊಡನೆ ಸೇರಿಸಿದ ಆ ಹೊತ್ತಿಗೇ ತಂದೆಯವರು ತಮ್ಮ ತಂದೆ, ತಾತ, ಮುತ್ತಾತರ ಸಾಲಿಗೆ ಸೇರಿದರು. ಸ್ನೇಹಿತರೊಬ್ಬರು ಕೈಮುಗಿದ ಮಾತ್ರಕ್ಕೆ ಆ ಸಾಲು ಬಿಟ್ಟು ಎದ್ದುಬರುವಷ್ಟು ಸಡಿಲವಾದ ಕರ್ಮವಲ್ಲ ಅದು. ಅಣ್ಣನವರಿಗೆ ತಾವು ಮಾಡಿದ ಕರ್ಮದ ಮೇಲೆ ನಂಬಿಕೆಯಿರಲಿ ಎಂದು ನಾನು ಹೇಳಿದೆನೆಂದು ತಿಳಿಸಿ.

ನಮ್ಮ ಕುಲಗೋತ್ರಕ್ಕೆ ಸೇರದವರಿಗೆ ನೀರು ಬಿಡುವುದು ನಮಗೇನು ಹೊಸದೆ? ಮಾಘ ಶುಕ್ಲ ಅಷ್ಟಮಿಯಂದು ಸಂತಾನವಿಲ್ಲದ ಭೀಷ್ಮರಿಗೆ ಅವರ ವಂಶದವರಲ್ಲದವರೂ ತರ್ಪಣ ಕೊಡುತ್ತಾರೆ. ಮಹಾಲಯದ ಪಟ್ಟಿಯಲ್ಲಿ ಗುರುಗಳ ಜೊತೆ ಸ್ನೇಹಿತನಿಗೂ ಜಾಗವಿದೆ. ಗಯೆಯಲ್ಲಿ ಬಂಧುಗಳಲ್ಲದವರಿಗೂ ಪಿಂಡವಿಡುವ ಕ್ರಮವುಂಟು. ಕರ್ಮದ ಅಧಿಕಾರ ಮಗನದು. ಸದ್ಗತಿ ಕೋರಲು ಯಾವ ಅಧಿಕಾರವೂ ಬೇಕಿಲ್ಲ.

ಆದರೂ ಎರಡೂ ಒಂದೇ ಎಂದು ನಾನು ಹೇಳಲಾರೆ. ಶ್ರಾದ್ಧ ಪಿತೃಋಣ ತೀರಿಸುವ ಕರ್ತವ್ಯ, ಪಿತೃಗಳಿಗೆ ಅನ್ನ ಮುಟ್ಟಿಸುವ ಕರ್ಮ. ಅವರದು ಕ್ರಿಸ್ತನ ಬಲಿದಾನವನ್ನು ಮುಂದಿಟ್ಟು ಕರುಣೆ ಬೇಡುವ ಪೂಜೆ. ಹೇಗೂ ಚರ್ಚಿನಲ್ಲಿ ಆಯಿತಲ್ಲ ಅಂತ ಮಾಸಿಕವನ್ನೋ ವರ್ಷಾಬ್ದಿಕವನ್ನೋ ಬಿಟ್ಟರೆ ಅದು ದೋಷವೇ. ಅಂದೇ ಮನೆಯಲ್ಲಿ ಮಾಸಿಕವಿದ್ದರೆ ಮಧ್ಯಾಹ್ನದೊಳಗೆ ಅದನ್ನು ಮುಗಿಸಿ, ಸಂಜೆಯ ಪೂಜೆಗೆ ಹೋಗಿ.

ಪ್ರಸಾದದ ವಿಷಯ. ನಾವು ಬೆಂಗಳೂರಿನವರು ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿ ಮೇಣದ ಬತ್ತಿ ಹಚ್ಚಿ ಬರುವುದು ಬಳಕೆಯಲ್ಲಿದೆ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬಲಿಪೂಜೆಯ ಕೊನೆಯ ಭಾಗದಲ್ಲಿ ಗುರುಗಳು ಕೊಡುವ ಬಿಳಿಯ ತೆಳು ರೊಟ್ಟಿ ನಮ್ಮ ತೀರ್ಥಪ್ರಸಾದದಂಥದ್ದಲ್ಲ. ಅದು ಕ್ರಿಸ್ತನ ಶರೀರವೇ ಎಂದು ಅವರು ನಂಬುತ್ತಾರೆ, ದೀಕ್ಷೆ ಪಡೆದು ಸಿದ್ಧರಾದವರಿಗಷ್ಟೇ ಕೊಡುತ್ತಾರೆ. ಎಲ್ಲರೂ ಎದ್ದು ಸಾಲಿನಲ್ಲಿ ನಿಂತಾಗ ನಮ್ಮವರು ಅಭ್ಯಾಸಬಲದಿಂದ ಹಿಂದೆಯೇ ಹೋಗಿ ಕೈಯೊಡ್ಡುವುದುಂಟು. ನೀವು ಜಾಗದಲ್ಲೇ ಕುಳಿತಿರಿ. ಯಾರೂ ತಪ್ಪು ತಿಳಿಯುವುದಿಲ್ಲ. ತಾಯಿಯವರಿಗೆ ಮೊದಲೇ ಹೇಳಿಡಿ. ಅವರು ಮಂಡಿಯೂರಿದಾಗ ನೀವೂ ಊರಬೇಕೆಂದಿಲ್ಲ, ಸುಮ್ಮನಿದ್ದರೆ ಸಾಕು.

ಪೂಜೆಗೆ ಕೊಡುವ ಕಾಣಿಕೆ ಸ್ನೇಹಿತರದೇ ಆಗಿರಲಿ. ನಾವೇ ಕೊಡುತ್ತೇವೆ ಅಂತ ಪಟ್ಟುಹಿಡಿದರೆ ಅವರು ತಂದೆಗೆ ಸಲ್ಲಿಸಬೇಕೆಂದಿರುವುದನ್ನು ಕಿತ್ತುಕೊಂಡ ಹಾಗೆ. ಹೆಸರು ಕೇಳಿದರೆ ತಂದೆಯ ಹೆಸರನ್ನು ಇದ್ದ ಹಾಗೇ ಬರೆದುಕೊಡಿ, ಗೋತ್ರ ನಕ್ಷತ್ರ ಬೇಕಾಗುವುದಿಲ್ಲ.

ಅಣ್ಣನವರನ್ನು ಬಲವಂತ ಮಾಡಬೇಡಿ. ಅವರು ವರ್ಷದ ದೀಕ್ಷೆ ಹಿಡಿದಿದ್ದರೆ ಹೊರಗಿನ ಸಮಾರಂಭಗಳಿಗೆ ಹೋಗದಿರುವುದು ಸರಿಯಾದ ನಿಯಮವೇ. ಸ್ನೇಹಿತರಿಗೂ ಹಾಗೆಂದೇ ಹೇಳಿ, ಬೇಸರ ಮಾಡಿಕೊಳ್ಳಲಾರರು. ಆದರೆ ತಾವು ಹೋಗದಿರುವುದು ಬೇರೆ, ತಾಯಿಯನ್ನು ತಡೆಯುವುದು ಬೇರೆ. ಎರಡನೆಯದಕ್ಕೆ ಶಾಸ್ತ್ರದ ಆಧಾರವಿಲ್ಲ.